ಶಾಂತಕ್ಕ ಕುಡಿದ ಹಾಲೆಂಡಿನ ನೀರು

ಗಜೇಂದ್ರಗಡ

ಹಾಲೆಂಡಿಗೆ ಹೋಗಿ ಬಂದವರ ಮೊಬೈಲಿನಲ್ಲಿ ಹೂವಿನ ತೋಟ ಇರುತ್ತದೆ. ನನ್ನ ಮೊಬೈಲಿನಲ್ಲಿ ಇರುವುದು ಎರಡು ನೀರಿನ ಬಾಟಲಿ, ಒಂದು ಗಾಜಿನ ಹೂಜಿ, ಒಂದು ದವಾಖಾನೆಯ ಕಿಟಕಿ ಮತ್ತು ಅರ್ಧಕ್ಕೆ ಕೆಟ್ಟ ಒಂದು ಸೀರೆ. ಓಣಿಯ ಹೆಣ್ಣುಮಕ್ಕಳು ಅವನ್ನು ನೋಡಿ, "ಇಷ್ಟ ನೋಡಾಕ ಅಷ್ಟ ದೂರ ಹೋಗಿದ್ರೇನ?" ಎನ್ನುತ್ತಾರೆ. ಒಬ್ಬೊಬ್ಬರಿಗೂ ಮೊದಲಿನಿಂದ ಹೇಳಿ ನನ್ನ ಗಂಟಲು ಹರಿದಿದೆ. ಅದಕ್ಕೇ ಬರೆಯಲು ಕುಳಿತೆ.

ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಹಿಂದೆ ನನಗೊಂದು ನೂಲಿನ ಅಂಗಡಿ ಇದೆ, ಅಬ್ಬಾನಿಂದ ಬಂದದ್ದು. ನಮ್ಮಲ್ಲಿ ನೂಲು ಒಯ್ಯುವ ನೇಕಾರರಲ್ಲಿ ಶಾಂತಕ್ಕನ ಹೆಸರು ದೊಡ್ಡದು. ವಯಸ್ಸು ಅರವತ್ತು ದಾಟಿದೆ, ಎತ್ತರ ನನ್ನ ಭುಜದವರೆಗೆ, ದನಿ ಮಾತ್ರ ಗುಡ್ಡದ ಮೇಲಿನ ಕೋಟೆಯವರೆಗೆ. ನಮ್ಮ ಕಡೆಯ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದುದ್ದ ಎಳೆ, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಆ ಕೊಂಡಿಯನ್ನು ಶಾಂತಕ್ಕ ಜಗಳವಾಡುತ್ತಲೂ ಹಾಕುತ್ತಾಳೆ, ತೂಕಡಿಸುತ್ತಲೂ ಹಾಕುತ್ತಾಳೆ. ಅವಳ ಕೈ ತಪ್ಪಿದ್ದನ್ನು ನಾನು ನೋಡಿರಲಿಲ್ಲ.

ಹಾಲೆಂಡಿನ ಒಂದು ಸಣ್ಣ ಊರಿನ ಬಟ್ಟೆ ಮ್ಯೂಸಿಯಂನವರು ಆ ಕೊಂಡಿಯನ್ನು ಜನರೆದುರು ಹಾಕಿ ತೋರಿಸಿರಿ ಎಂದು ಅವಳನ್ನು ಕರೆಸಿದರು. ಜೊತೆಗೆ ಮಾತು ತಿರುಗಿಸಲು ನಾನು. ನನ್ನ ಇಂಗ್ಲಿಷು ಬಣ್ಣದ ಹೆಸರುಗಳನ್ನು ದಾಟಿ ತುಸು ದೂರ ಹೋಗುತ್ತದೆ, ಅಷ್ಟೇ. ಆದರೆ ಓಣಿಯಲ್ಲಿ ಅದಕ್ಕಿಂತ ದೂರ ಹೋಗುವ ಇಂಗ್ಲಿಷು ಇದ್ದವರಿಗೆ ಶಾಂತಕ್ಕನ ಜೊತೆ ಹೋಗುವ ಧೈರ್ಯ ಇರಲಿಲ್ಲ.

ಬಸ್ಸು ಹತ್ತುವಾಗ ಅವಳ ಗಂಡ ಮಾನಪ್ಪ ಕಾಕಾ ಕಿಟಕಿಯ ಹತ್ತಿರ ಬಂದು ನಿಂತ. ಹೆಂಡತಿಯ ಮುಖ ನೋಡದೆ ನನ್ನ ಮುಖ ನೋಡಿ ಹೇಳಿದ.

"ಹಸೀನಾ, ಎರವಲ ಒಯ್ದ ಸಾಮಾನ ಅಂತ ತಿಳಕೋ. ಒಯ್ದಂಗ ತಂದು ಕೊಡು."

"ಬ್ಯಾಡಾಗಿದ್ರ ಈಗ ಹೇಳ್ರಿ ಕಾಕಾ, ಅಲ್ಲೇ ಬಿಟ್ಟು ಬರ್ತೀನಿ."

"ನಗಬ್ಯಾಡ. ಮನಿಯಾಗ ಮಗ್ಗ ಎರಡ ಅದಾವು. ಕೊಂಡಿ ಹಾಕೋ ಕೈ ಒಂದ ಐತಿ."

ನಾನು ತಲೆಯಾಡಿಸಿದೆ. ಆಗ ಅದು ಬರೀ ಮಾತು ಎಂದುಕೊಂಡಿದ್ದೆ.

ಇನ್ನೆರಡು ವಿಷಯ ಇಲ್ಲಿಯೇ ಹೇಳಬೇಕು. ಶಾಂತಕ್ಕನಿಗೆ ಬಿಪಿ. ಅದಕ್ಕೆ ಡಾಕ್ಟರು ಮೈಯ ನೀರನ್ನು ಹೊರಗೆ ಕಳಿಸುವ ಗುಳಿಗೆ ಕೊಟ್ಟು, ಉಪ್ಪು ಕಡಿಮೆ ಮಾಡಬೇಕು ಎಂದಿದ್ದರು. ಕಡಿಮೆ ಮಾಡುವುದು ಅವಳ ಜಾಯಮಾನದಲ್ಲಿ ಇಲ್ಲ, ಪೂರ್ತಿ ಬಿಟ್ಟಳು. ಎರಡನೆಯದು ನಮ್ಮ ಓಣಿಯ ನಳ. ಅದು ದಿನಾ ಬರುವುದಿಲ್ಲ. ಬಂದ ದಿನ ಊಟ, ಜಗಳ, ನೆಂಟರು ಎಲ್ಲ ಬಿಟ್ಟು ಕೊಡ, ಬಕೀಟು, ಚಹಾದ ಪಾತ್ರೆ, ಕೊನೆಗೆ ಹೂಕುಂಡದ ಕೆಳಗಿನ ತಟ್ಟೆಯನ್ನೂ ತುಂಬಿಸಿಕೊಳ್ಳುತ್ತೇವೆ. ಹಾಗೆ ಬೆಳೆದ ಹೆಂಗಸು ನೀರನ್ನು ಏನು ಬೇಕಾದರೂ ಮಾಡಬಲ್ಲಳು, ಚೆಲ್ಲಲು ಮಾತ್ರ ಆಗುವುದಿಲ್ಲ.

ಮುಂಬೈ

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಪಾಯಿ ಶಾಂತಕ್ಕನ ಚೀಲದಿಂದ ದೊಡ್ಡ ಬಾಟಲಿ ತೆಗೆದು, ಪಕ್ಕದ ಡಬ್ಬಿ ತೋರಿಸಿದ.

"ಏನ್ ಮಾಡು ಅಂತಾನ?"

"ಚೆಲ್ಲಬೇಕಂತಕ್ಕ."

"ಯಾಕ, ಕೆಟ್ಟೈತೇನ? ಮುಂಜಾನಿ ಕಾಸಿ ಆರಿಸಿ ತುಂಬೀನಿ."

"ಕೆಟ್ಟಿಲ್ಲ. ಒಳಗ ನೀರ ಒಯ್ಯಂಗಿಲ್ಲಂತ."

"ಹೊಟ್ಟ್ಯಾಗ ಒಯ್ಯಬೌದಿಲ್ಲೋ, ಕೇಳು."

ಕೇಳಿದೆ. ಸಿಪಾಯಿಗೆ ಇಂಥ ಪ್ರಶ್ನೆ ಅದೇ ಮೊದಲಿರಬೇಕು. ಸ್ವಲ್ಪ ಯೋಚಿಸಿ, ಅದಕ್ಕೆ ಅಡ್ಡಿಯಿಲ್ಲ ಎಂದ. ಶಾಂತಕ್ಕ ಸಾಲಿನಿಂದ ಪಕ್ಕಕ್ಕೆ ಸರಿದು, ತಲೆಯ ಮೇಲೆ ಸೆರಗು ಹೊದ್ದು, ಗಟಗಟನೆ ಪೂರ್ತಿ ಬಾಟಲಿ ಇಳಿಸಿದಳು. ಹಿಂದಿನ ಹುಡುಗಿ ತನ್ನ ಅರ್ಧ ಬಾಟಲಿಯನ್ನು ಡಬ್ಬಿಗೆ ಎಸೆಯಲು ಕೈ ಎತ್ತಿದ್ದಳು. ಶಾಂತಕ್ಕ ಅದನ್ನೂ ಇಸಿದುಕೊಂಡಳು. ನಾನು ಬಿದ್ದು ಬಿದ್ದು ನಕ್ಕು ಫೋಟೋ ತೆಗೆದೆ.

ನಡುವೆ ವಿಮಾನ ಬದಲಿಸಿದ ಊರಿನಲ್ಲೂ ಅದೇ ಕತೆ. ತಪಾಸಣೆಗೆ ಸ್ವಲ್ಪ ಮೊದಲು ಪುಕ್ಕಟೆ ನೀರಿನ ನಳ ಇಟ್ಟಿದ್ದರು. ಹರಿಯುವ ನಳದ ಮುಂದೆ ಖಾಲಿ ಬಾಟಲಿ ಹಿಡಿದು ಹಾಯ್ದು ಹೋಗುವುದು ಶಾಂತಕ್ಕನ ಕೈಲಾಗದ ಕೆಲಸ. ತುಂಬಿದಳು. ಮುಂದೆ ಇನ್ನೊಬ್ಬ ಸಿಪಾಯಿ ನಿಂತಿದ್ದ. ಕುಡಿದಳು.

ಮಾರಿಕೆಯ ಮನೆ

ನಾವು ಉಳಿದದ್ದು ಮ್ಯೂಸಿಯಂನ ಮಾರಿಕೆಯ ಮನೆಯಲ್ಲಿ. ನನ್ನ ವಯಸ್ಸಿನವಳು, ಬಾಗಿಲಿನ ಚೌಕಟ್ಟಿನಷ್ಟು ಎತ್ತರ. ಆ ಊರಿನ ಹೆಸರು ಹೇಳಬೇಕಾದರೆ ಮೊದಲು ಗಂಟಲಲ್ಲಿ ಕಫ ಇರಬೇಕು. ನಮ್ಮ ಊರಿನ ಹೆಸರು ಅವಳ ಬಾಯಲ್ಲಿ "ಖಜೇಂದ್ರಖಡ" ಆಯಿತು, ಹಾಗಾಗಿ ಲೆಕ್ಕ ಚುಕ್ತಾ. ನೋಡಿದ ತಕ್ಷಣ ಆ ಜನ ಕೆನ್ನೆಗೆ ಮೂರು ಮುತ್ತು ಕೊಡುತ್ತಾರೆ. ಶಾಂತಕ್ಕ ಎರಡಕ್ಕೇ ಹಿಂದೆ ಸರಿದದ್ದರಿಂದ ಮೂರನೆಯದು ಗಾಳಿಗೆ ಹೋಯಿತು.

ಅಲ್ಲಿಯ ರೀತಿಯೇ ಬೇರೆ. ಚಹಾದ ಜೊತೆ ಒಂದು ಬಿಸ್ಕೀಟು ಕೊಟ್ಟು ಡಬ್ಬಿಯ ಮುಚ್ಚಳ ಹಾಕುತ್ತಾರೆ, ಜಿಪುಣತನವೆಂದಲ್ಲ, ಅದು ಶಿಸ್ತು. ಮಧ್ಯಾಹ್ನದ ಊಟಕ್ಕೆ ಬ್ರೆಡ್ಡಿನ ಮೇಲೆ ಚಾಕೋಲೇಟಿನ ಕಾಳು ಉದುರಿಸಿಕೊಳ್ಳುತ್ತಾರೆ, ಮಕ್ಕಳಲ್ಲ, ದೊಡ್ಡವರು. ಬೀದಿಗೆ ಕಾಣುವ ಕಿಟಕಿಗೆ ಪರದೆ ಇಲ್ಲ, ಆದರೆ ಒಳಗೆ ಇಣುಕಿದರೆ ಮರ್ಯಾದೆ ಇಲ್ಲದವರು ಎನ್ನುತ್ತಾರೆ. ನಾವಿಬ್ಬರೂ ಎಲ್ಲ ಮನೆಗಳಿಗೂ ಇಣುಕಿದೆವು. ಪಾಯಖಾನೆಯ ಗೋಡೆಗೆ ಒಂದು ಕ್ಯಾಲೆಂಡರು, ಅದರಲ್ಲಿ ನೆಂಟರಿಷ್ಟರು ಹುಟ್ಟಿದ ದಿನಗಳು. ಅದೇನೆಂದು ನಾನು ಹೇಳಿದಾಗ ಶಾಂತಕ್ಕ, "ಇಲ್ಲೆ ಕುಂತು ನೆನಸಬೇಕೇನ ಹುಟ್ಟಿದ್ದನ್ನ?" ಎಂದು ಕೇಳಿದಳು. ಅವಳಿಗೆ ಆ ಕ್ಯಾಲೆಂಡರಿನ ಪರಿಚಯ ಚೆನ್ನಾಗಿ ಆಯಿತು. ಗುಳಿಗೆಯೂ ನೀರೂ ಕೂಡಿ ಅವಳನ್ನು ಅಲ್ಲಿಗೆ ಅಟ್ಟುತ್ತಲೇ ಇದ್ದವು.

ಆದರೆ ಆ ಮನೆಯಲ್ಲಿ ಅವಳ ನಿದ್ದೆ ಕೆಡಿಸಿದ್ದು ನಳ. ಮಾರಿಕೆ ಮೊದಲ ದಿನವೇ, ಯಾವ ನಳದ ನೀರನ್ನಾದರೂ ಹಾಗೇ ಕುಡಿಯಬಹುದು ಎಂದಿದ್ದಳು. ಶಾಂತಕ್ಕ ನಳ ತಿರುಗಿಸಿ ನೋಡಿದಳು, ಮುಚ್ಚಿದಳು, ಮತ್ತೆ ತಿರುಗಿಸಿದಳು.

"ಎಷ್ಟೊತ್ತಿಗೆ ಹೊಕ್ಕೈತಿ?"

"ಹೋಗೂದ ಇಲ್ಲಕ್ಕ. ಇಪ್ಪತ್ನಾಕ ತಾಸೂ ಇರತೈತಿ."

"ಹುಚ್ಚಿ. ನಳ ಅಂದಮ್ಯಾಲೆ ಹೋಗಾಕ ಬೇಕು."

ಮರುದಿನ ಬೆಳಿಗ್ಗೆ ಮಾರಿಕೆ ಕೆಳಗೆ ಬಂದಾಗ ಅಡುಗೆಮನೆಯ ಪಾತ್ರೆ, ಬೋಗುಣಿ, ಕಾಫಿಯ ಜಗ್ಗು, ಹೂದಾನಿ ಎಲ್ಲವೂ ತುಂಬಿ ಸಾಲಾಗಿ ಕುಳಿತಿದ್ದವು. ಅವಳು ಏನೂ ಕೇಳಲಿಲ್ಲ. ಕೇಳದಿರುವುದೂ ಅಲ್ಲಿಯ ಒಂದು ರೀತಿ. ನಗುತ್ತಾ ಒಂದೊಂದನ್ನೇ ಎತ್ತಿ ಮೋರಿಗೆ ಸುರಿದಳು. ಶಾಂತಕ್ಕನ ಮುಖ ನೋಡಲಾಗಲಿಲ್ಲ. "ಕರುಳ ಕಿತ್ತಂಗ ಆತು ಹಸೀನಾ," ಎಂದಳು. ಅಂದಿನಿಂದ ಅವಳ ಕಣ್ಣೆದುರು ಪಾತ್ರೆಗೆ ಬಿದ್ದ ನೀರು ಮೋರಿಗೆ ಹೋಗಲಿಲ್ಲ. ಎಲ್ಲಿಗೆ ಹೋಯಿತು ಎಂದು ಬೇರೆ ಹೇಳಬೇಕಾಗಿಲ್ಲ.

ಮ್ಯೂಸಿಯಂ

ಮಗ್ಗವನ್ನು ಮೊದಲೇ ಹಡಗಿನಲ್ಲಿ ತರಿಸಿ ಹಲಗೆಯ ಕಟ್ಟೆಯ ಮೇಲೆ ಕೂರಿಸಿದ್ದರು. ಶಾಂತಕ್ಕ ಬಂದವಳೇ ಕಾಲಿಗೆ ಕುಣಿ ಎಲ್ಲಿ ಎಂದಳು. ನಮ್ಮಲ್ಲಿ ನೆಲದಲ್ಲಿ ಕುಣಿ ತೋಡಿ ಅದರಲ್ಲಿ ಕಾಲು ಇಳಿಬಿಟ್ಟು ನೇಯುತ್ತಾರೆ. ಮಾರಿಕೆ ತಡವರಿಸುತ್ತಾ, ಇಲ್ಲಿ ಸ್ವಲ್ಪ ಅಗೆದರೂ ನೀರು ಬರುತ್ತದೆ ಎಂದಳು. ಶಾಂತಕ್ಕ ಆ ನೆಲವನ್ನು ಭಕ್ತಿಯಿಂದ ಮುಟ್ಟಿ ನೋಡಿದಳು.

ನಮ್ಮ ಊರಿನಲ್ಲಿ ಮಗ್ಗದ ಮುಂದೆ ಹಾಯ್ದವರೆಲ್ಲ ಕುಳಿತು ಒಂದು ಸಲಹೆ ಕೊಟ್ಟು ಹೋಗುತ್ತಾರೆ. ಅಲ್ಲಿಯ ಜನ ಕೈ ಹಿಂದೆ ಕಟ್ಟಿ, ಉಸಿರು ಬಿಗಿ ಹಿಡಿದು ನಿಲ್ಲುತ್ತಾರೆ. "ಯಾರರ ಸತ್ತಾರೇನ?" ಎಂದು ಶಾಂತಕ್ಕ ನನ್ನನ್ನು ಕೇಳಿದಳು. ಏನು ಹೇಳಿದಳು ಎಂದು ಮಾರಿಕೆ ಕೇಳಿದಾಗ, ಜನ ಬಹಳ ಒಳ್ಳೆಯವರು ಎಂದಳು ಎಂದು ತಿರುಗಿಸಿದೆ.

ಈಗ ಹೂಜಿಯ ಮಾತು. ಮಾರಿಕೆ ಗೌರವದಿಂದ ಮಗ್ಗದ ಪಕ್ಕ ಒಂದು ಗಾಜಿನ ಹೂಜಿ ತುಂಬ ನೀರು ಇಟ್ಟಳು. ನಮ್ಮಲ್ಲಿ ಮನೆಗೆ ಬಂದವರಿಗೆ ಮೊದಲು ನೀರು ಕೊಡುತ್ತೇವೆ, ಕೊಟ್ಟ ನೀರನ್ನು ಉಳಿಸಿದರೆ ಕೊಟ್ಟವರಿಗೆ ಅವಮಾನ. ಶಾಂತಕ್ಕ ಹೂಜಿ ಖಾಲಿ ಮಾಡಿದಳು. ಮಾರಿಕೆಯ ಪದ್ಧತಿಯಲ್ಲಿ ಅತಿಥಿಯ ಮುಂದೆ ಖಾಲಿ ಹೂಜಿ ಇರುವುದು ಅವಮಾನ. ಅವಳು ತುಂಬಿದಳು. ಶಾಂತಕ್ಕ ಖಾಲಿ ಮಾಡಿದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು, ಇಬ್ಬರಿಗೂ ಎದುರಿನವಳ ಮೇಲೆ ಪ್ರೀತಿ ಉಕ್ಕುತ್ತಿತ್ತು.

"ನಿಮ್ಮ ಅಕ್ಕನಿಗೆ ಬಹಳ ದಾಹ," ಎಂದು ಮಾರಿಕೆ ನನ್ನ ಕಿವಿಯಲ್ಲಿ ಹೇಳಿದಳು.

"ಪಾಪ, ನನಗ ನೀರ ಕುಡಸೂದಂದ್ರ ಅಕಿಗೆ ಎಷ್ಟ ಖುಷಿ ನೋಡು," ಎಂದು ಶಾಂತಕ್ಕ ಇನ್ನೊಂದು ಕಿವಿಯಲ್ಲಿ ಹೇಳಿದಳು.

ಎರಡೂ ಕಿವಿಯ ಮಾತು ಸೇರಿಸಬೇಕಾದವಳು ನಾನು. ಮಾತು ತಿರುಗಿಸಲೆಂದೇ ಕರೆತಂದಿದ್ದರು. ಆದರೆ ಆ ಆಟ ನನಗೆ ಬಹಳ ಮಜಾ ಅನಿಸಿತ್ತು. ಯಾರು ಮೊದಲು ಸೋಲುತ್ತಾರೆ ನೋಡೋಣ ಎಂದು ಮಷೀನಿನ ಕಾಫಿ ಕುಡಿಯುತ್ತಾ ಕುಳಿತೆ.

ಕೊಂಡಿ ಹಾಕುವ ದಿನ

ಅಂದು ಬೆಳಿಗ್ಗೆ ಶಾಂತಕ್ಕನಿಗೆ ತಲೆನೋವು, ಒಮ್ಮೆ ವಾಂತಿಯೂ ಆಯಿತು. ನಾನು ಹಿಂದಿನ ದಿನದ ಚೀಸಿನ ಮೇಲೆ ತಪ್ಪು ಹಾಕಿದೆ. ಮಾರಿಕೆ ತಲೆನೋವಿಗೆ ಒಳ್ಳೆಯದೆಂದು ಇನ್ನೊಂದು ಲೋಟ ನೀರು ಕೊಟ್ಟಳು.

ಸೆರಗು ಕೂಡಿಸುವುದನ್ನು ನೋಡಲು ಜನ ತುಂಬಿದ್ದರು. ಶಾಂತಕ್ಕ ಕುಳಿತು ಕೊಂಡಿ ಹಾಕತೊಡಗಿದಳು. ಸ್ವಲ್ಪ ಹೊತ್ತಿಗೆ ನನಗೆ ಏನೋ ಸರಿಯಿಲ್ಲ ಅನಿಸಿತು. ಕೆಂಪು ಎಳೆಗೆ ಕೊಂಡಿ ಹಾಕುತ್ತಾಳೆ, ಪಕ್ಕದ ಎಳೆಯನ್ನು ಬಿಡುತ್ತಾಳೆ, ಆಮೇಲೆ ಹಿಂದಿನದನ್ನೇ ಮತ್ತೆ ಹಿಡಿಯುತ್ತಾಳೆ. ಜನಕ್ಕೆ ಗೊತ್ತಾಗಲಿಲ್ಲ, ಅವರು ತಲೆದೂಗುತ್ತಿದ್ದರು.

"ಅಕ್ಕ, ಎಳಿ ಬಿಟ್ಟಿ."

"ಅದು ನಿಮ್ಮ ಕಾಕಾನ ಪಾಲಿಂದು. ಅಂವಾ ಹಾಕ್ಕೋತಾನ."

ಇದೇನು ಹೊಸ ಚೇಷ್ಟೆ ಎಂದುಕೊಂಡೆ. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ನಿಂತಿದ್ದ ಬೋಳುತಲೆಯ ಮುದುಕನನ್ನು ನೋಡಿ ಅವಳು ದಡಬಡಿಸಿ ಎದ್ದು ಸೆರಗು ಹೊದ್ದಳು. "ಬಾವನಾರ ಬಂದಾರ, ಚಾಪಿ ಹಾಸವ್ವ," ಎಂದಳು. ಆ ಮುದುಕ ಬಹಳ ಸಂತೋಷದಿಂದ ತಲೆ ಬಾಗಿಸಿದ. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಆಮೇಲೆ ಶಾಂತಕ್ಕ ಕಟ್ಟೆ ಇಳಿದು, "ನಳ ಬಂತು! ಲಗೂ ಹಚ್ಚರಿ, ಹೊಕ್ಕೈತಿ!" ಎಂದು ಕೂಗುತ್ತಾ ಮ್ಯೂಸಿಯಂನ ಹಳೆಯ ತಾಮ್ರದ ಹಂಡೆಯೊಂದನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ಇದೂ ಕಾರ್ಯಕ್ರಮದ ಭಾಗವೆಂದು ಜನ ಚಪ್ಪಾಳೆ ತಟ್ಟಿದರು.

ನಾನು ಓಡಿಹೋಗಿ ಕೈ ಹಿಡಿದೆ. "ಶಾಂತಕ್ಕ, ಸಾಕು, ಕುಂದರು."

ಅವಳು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. "ನೀ ಯಾರವ್ವ? ನಮ್ಮ ಓಣ್ಯಾಕಿ ಅಲ್ಲ."

ಬಾಲ್ಯದಿಂದ ನನ್ನನ್ನು ಬೈದು ಬೆಳೆಸಿದವಳು. ಅವಳ ಕಣ್ಣಿನಲ್ಲಿ ಚೇಷ್ಟೆ ಇರಲಿಲ್ಲ, ಗುರುತೂ ಇರಲಿಲ್ಲ. ಒಯ್ದಂಗ ತಂದು ಕೊಡು ಎಂದ ಮಾನಪ್ಪ ಕಾಕಾನ ಮುಖ ಎದುರು ಬಂದು ನಿಂತಿತು. ಮಾರಿಕೆ ಆಗಲೇ ಆಂಬುಲೆನ್ಸಿಗೆ ಫೋನು ಮಾಡುತ್ತಿದ್ದಳು.

ದವಾಖಾನೆ

ರಕ್ತ ನೋಡಿದ ಡಾಕ್ಟರು ಹೊರಗೆ ಬಂದ. ಚಿಕ್ಕ ವಯಸ್ಸಿನವ, ಸೈಕಲ್ಲಿನ ಹೆಲ್ಮೆಟ್ಟು ಇನ್ನೂ ಕೈಯಲ್ಲಿತ್ತು. ರಕ್ತದಲ್ಲಿ ಉಪ್ಪಿನ ಅಂಶ ಬಹಳ ಇಳಿದಿದೆ, ನೀರು ಎಷ್ಟು ಕುಡಿದಿದ್ದಾರೆ ಎಂದ. ನಾನು ಸಿಪಾಯಿಗಳಿಂದ ಶುರುಮಾಡಿ ಹೂಜಿಯವರೆಗೆ ಹೇಳಿದೆ, ಗುಳಿಗೆಯ ವಿಷಯವನ್ನೂ ಹೇಳಿದೆ. ಮಾರಿಕೆ, ಅವರಿಗೆ ದಾಹ ಎಂದುಕೊಂಡಿದ್ದೆ ಎಂದು ಅಳತೊಡಗಿದಳು.

ಕಾಯಿಲೆ ಉಪ್ಪಿನದು ಎಂದಾಗ ನನಗೆ ಜೀವ ಬಂತು. ನನ್ನ ಚೀಲದಲ್ಲಿ ಊರಿನ ನಿಂಬೆ ಉಪ್ಪಿನಕಾಯಿಯ ಬಾಟಲಿ ಇತ್ತು. ತೆಗೆದು ಅವನ ಮುಂದೆ ಹಿಡಿದೆ. "ಈಗಲೇ ಎರಡು ಹೋಳು ತಿನ್ನಿಸುತ್ತೇನೆ, ಸಂಜೆಯೊಳಗೆ ಸರಿಹೋಗುತ್ತಾಳೆ."

ಡಾಕ್ಟರು ಬಾಂಬು ನೋಡಿದವನಂತೆ ಹಿಂದೆ ಸರಿದ. "ಬೇಡ! ಅವಸರ ಮಾಡಿದರೆ ಅವರ ಮಿದುಳಿಗೇ ಪೆಟ್ಟು ಬೀಳುತ್ತದೆ."

ಆಮೇಲೆ ನನ್ನನ್ನು ಕೂರಿಸಿ, ಒಂದು ಚೀಟಿಯ ಹಿಂದೆ ನಕ್ಷತ್ರದಂಥ ಚಿತ್ರ ಬರೆದು ತಿಳಿಸಿ ಹೇಳಿದ. ಮಿದುಳಿನಲ್ಲಿ ಯೋಚನೆ ಮಾಡುವ ಕೋಶಗಳ ಹೆಸರು ಎಲ್ಲರಿಗೂ ಗೊತ್ತಂತೆ. ಅವುಗಳಿಗೆ ಉಣಿಸಿ, ಸುತ್ತಲಿನ ಕಸ ಬಳಿದು, ಆಸರೆಯಾಗಿ ನಿಲ್ಲುವ ಬೇರೆ ಕೋಶಗಳಿವೆ. ಸೊಸೆಯಂದಿರು ಎಂದುಕೊಂಡೆ. ರಕ್ತದಲ್ಲಿ ಉಪ್ಪು ಕಡಿಮೆಯಾದರೆ ನೀರು ಮೊದಲು ನುಗ್ಗುವುದು ಈ ಸೊಸೆಯಂದಿರ ಒಳಗೆ. ಅವು ಉಬ್ಬುತ್ತವೆ.

"ಉಬ್ಬಿದರೆ ಏನಾಯಿತು? ನನ್ನ ಕಾಲೂ ಉಬ್ಬುತ್ತದೆ."

"ಕಾಲಿಗೆ ಜಾಗ ಇದೆ. ತಲೆಯ ಸುತ್ತ ಎಲುಬು ಇದೆ, ಒಳಗೆ ಉಬ್ಬಲು ಜಾಗ ಇಲ್ಲ."

ಆದರೆ ಅವು ಸುಮ್ಮನೆ ಕೂರುವುದಿಲ್ಲವಂತೆ. ಉಬ್ಬಿದ್ದು ಗೊತ್ತಾದ ಕೂಡಲೇ ಗೋಡೆಯ ಬಾಗಿಲು ತೆಗೆದು ತಮ್ಮ ಒಳಗಿನ ಲವಣಗಳನ್ನು ಹೊರಗೆ ಹಾಕುತ್ತವೆ. ಅದು ಸಾಲದಿದ್ದರೆ ಒಂದೆರಡು ದಿನದಲ್ಲಿ ಕೂಡಿಟ್ಟ ಇನ್ನೂ ಕೆಲವು ಸಣ್ಣಪುಟ್ಟ ಪದಾರ್ಥಗಳನ್ನೂ ಹಾಕುತ್ತವೆ. ಅವು ಹೋದ ಕಡೆಗೆ ನೀರೂ ಹಿಂದೆಯೇ ಹೋಗುತ್ತದೆ, ತೊಪ್ಪಲು ಹಿಡಿದವನ ಹಿಂದೆ ಆಡು ಹೋಗುವ ಹಾಗೆ. ಹೀಗೆ ಕೋಶ ಮತ್ತೆ ತನ್ನ ಅಳತೆಗೆ ಬರುತ್ತದೆ. ಶಾಂತಕ್ಕ ಇಷ್ಟು ದಿನ ನಿಂತದ್ದು ಆ ಸೊಸೆಯಂದಿರ ಪುಣ್ಯದಿಂದ ಎಂದು ನನಗೆ ಅರ್ಥವಾಯಿತು. ಕೊನೆಗೆ ಹೂಜಿಯ ಮುಂದೆ ಅವೂ ಸೋತವು.

"ಈಗ ಅವುಗಳ ಒಳಗೆ ಸಾಮಾನು ಉಳಿದಿಲ್ಲ," ಎಂದ ಡಾಕ್ಟರು. "ಈ ಹೊತ್ತಿನಲ್ಲಿ ರಕ್ತಕ್ಕೆ ಒಮ್ಮೆಲೇ ಉಪ್ಪು ತುಂಬಿದರೆ ನೀರು ಒಮ್ಮೆಲೇ ಹೊರಗೆ ಬಂದು ಅವು ಮುದುಡಿಹೋಗುತ್ತವೆ. ಬಿಸಾಡಿದ್ದನ್ನು ಮತ್ತೆ ಕೂಡಿಸಿಕೊಳ್ಳಲು ಅವಕ್ಕೆ ದಿನಗಳು ಬೇಕು. ನಾವು ಅವುಗಳ ನಡಿಗೆಯಲ್ಲೇ ನಡೆಯಬೇಕು."

ನನ್ನ ನಾನಿಯ ಊರು ಹೊಳೆಮಣ್ಣೂರ. ಮಲಪ್ರಭೆ ಊರೊಳಗೆ ಬಂದಾಗ ನನ್ನ ಮಾಮಿಯರು ಜೋಳದ ಚೀಲ, ಹಾಸಿಗೆ, ಹಂಡೆ ಎಲ್ಲ ಎತ್ತಿ ಹೊರಗೆ ದಿನ್ನೆಗೆ ಸಾಗಿಸಿದ್ದನ್ನು ನೋಡಿದ್ದೇನೆ. ಹೊಳೆ ಇಳಿದ ಮರುದಿನವೇ ಆ ಮನೆಗೆ ಹೋಗಿ ಊಟ ಹಾಕಿರಿ ಎಂದರೆ ಹಾಕುವುದು ಹೇಗೆ? ನಾನು ಉಪ್ಪಿನಕಾಯಿಯ ಬಾಟಲಿಯನ್ನು ಚೀಲದ ತಳಕ್ಕೆ ಸೇರಿಸಿದೆ.

ಎಲ್ಲ ಮೊದಲಿನ ಹಾಗೆ ಆಗುತ್ತದೆಯೇ ಎಂದು ಕೇಳಿದೆ. ಆಗಬಹುದು, ಕಾಯಬೇಕು ಎಂದ. ಆ ದೇಶದವರಿಗೆ ಸುಳ್ಳು ಸಮಾಧಾನ ಹೇಳಲು ಬರುವುದಿಲ್ಲ. ನಮ್ಮ ಕಡೆಯ ಡಾಕ್ಟರಾಗಿದ್ದರೆ ಬೆನ್ನು ತಟ್ಟಿ, ಏನೂ ಆಗಂಗಿಲ್ಲ ತಗೋರಿ ಎಂದು ಹೇಳಿರುತ್ತಿದ್ದ. ಅಂದು ನನಗೆ ಆ ಸುಳ್ಳು ಬಹಳ ಬೇಕಿತ್ತು.

ಮಾನಪ್ಪ ಕಾಕಾ ಫೋನು ಮಾಡಿದ. ಮೊದಲು ಮಲಗಿದ್ದಾಳೆ ಎಂದೆ. ಎರಡನೆಯ ಸಲ ಮಾಡಿದಾಗ ನನ್ನಿಂದ ಆಗಲಿಲ್ಲ, ಎಲ್ಲ ಹೇಳಿದೆ. ಆ ಕಡೆ ಮಗ್ಗದ ಸದ್ದು ನಿಂತಿತು.

"ನೀರ ಕುಡದ ಹಿಂಗಾತಾ?" ಎಂದ. "ಗಜೇಂದ್ರಗಡದಾಕಿಗೆ?"

"ಹೌದ್ರಿ ಕಾಕಾ."

"ಓಣ್ಯಾಗ ಹೇಳಬ್ಯಾಡ. ಯಾರೂ ನಂಬಂಗಿಲ್ಲ." ಫೋನು ಮಾತ್ರ ಇಡಲಿಲ್ಲ. "ನನ್ನ ಗುರತ ಹಿಡಿತಾಳಿಲ್ಲೋ ನೋಡು ಹಸೀನಾ. ಅದೊಂದ ಕೇಳಿ ಹೇಳು."

ಕೇಳಿದೆ. ಫೋಟೋ ತೋರಿಸಿದೆ. ಶಾಂತಕ್ಕ ಗಂಡನ ಫೋಟೋ ನೋಡಿ, "ನಳ ಬಿಡಾಂವ," ಎಂದು ಮುಖ ತಿರುಗಿಸಿದಳು. ಅದನ್ನು ನಾನು ಕಾಕಾನಿಗೆ ಹೇಳಲಿಲ್ಲ. ಪಡಸಾಲೆಗೆ ಬಂದು ಗೋಡೆಗೆ ಮುಖ ಮಾಡಿ ಅತ್ತೆ. ಮಾರಿಕೆ ಬಂದು ಏನೂ ಕೇಳದೆ ಪಕ್ಕದಲ್ಲಿ ನಿಂತಳು. ಕೇಳದಿರುವ ಆ ರೀತಿಯನ್ನು ನಾನು ಅಂದು ಕ್ಷಮಿಸಿದೆ.

ಅದೇ ದವಾಖಾನೆ, ಕಿಟಕಿಯ ಪಕ್ಕ

ಗುಳಿಗೆ ನಿಂತಿತು, ನೀರಿಗೆ ಕಟ್ಟುಪಾಡು ಬಂತು. ನರ್ಸು ಸಣ್ಣ ಲೋಟದಲ್ಲಿ ಅಳೆದು ಕೊಡುತ್ತಿದ್ದಳು. ಮೇಲಿಂದ ಮೇಲೆ ರಕ್ತ ತೆಗೆದು, ಉಪ್ಪು ಅವಸರದಿಂದ ಏರುತ್ತಿಲ್ಲವಲ್ಲ ಎಂದು ನೋಡುತ್ತಿದ್ದರು. ಸರಿಹೋಗುತ್ತಿರುವುದಕ್ಕೆ ಇಷ್ಟು ಹೆದರುವ ವೈದ್ಯವನ್ನು ನಾನು ಕಂಡಿರಲಿಲ್ಲ. ಕಿಟಕಿಯ ಹೊರಗೆ ದೊಡ್ಡ ಕಾಲುವೆ ತುಂಬಿ ಹರಿಯುತ್ತಿತ್ತು. ಒಳಗೆ ಶಾಂತಕ್ಕ ಒಣಗಿದ ತುಟಿಯಲ್ಲಿ ಅದನ್ನೇ ನೋಡುತ್ತಾ ಮಲಗಿದ್ದಳು.

ಮರುದಿನವೂ ಅವಳು ಹೆಚ್ಚು ಮಾತಾಡಲಿಲ್ಲ. ಅದರ ಮರುದಿನ ಮಾರಿಕೆ ಬಂದು, ಸಮಾಧಾನಕ್ಕೆಂದು ಮಗ್ಗದ ಫೋಟೋ ಹಾಸಿಗೆಯ ಮೇಲೆ ಇಟ್ಟಳು. ಜನರಿಗೆ ಕೊಂಡಿ ಬಹಳ ಇಷ್ಟವಾಯಿತು ಎಂದು ಹೇಳಿ ಎಂದಳು. ಶಾಂತಕ್ಕ ಫೋಟೋ ಕೈಗೆ ತೆಗೆದುಕೊಂಡಳು. ಕಣ್ಣಿನ ಹತ್ತಿರ ಹಿಡಿದಳು. ಹುಬ್ಬು ಗಂಟಾಯಿತು.

"ಯಾವಾಕಿ ಹಾಕ್ಯಾಳ ಇದನ್ನ?"

ನಾನು ಉಸಿರು ಬಿಗಿ ಹಿಡಿದೆ, ಆ ಊರಿನ ಜನರ ಹಾಗೆ.

"ಹಸೀನಾ, ನಿನ್ನ ಕೇಳಾಕತ್ತೀನಿ. ನನ್ನ ಮಗ್ಗದ ಮ್ಯಾಲ ಯಾವ ಮೂದೇವಿನ ಕೂಡಿಸಿದ್ದಿ? ಎಳಿ ಬಿಟ್ಟಾಳ, ಒಂದಕ್ಕ ಎರಡ ಸಲ ಹಾಕ್ಯಾಳ. ಅಕಿ ಕೈಗೆ ಹುಳ ಬೀಳಲಿ! ನೂಲು ಹಾಳು ಮಾಡ್ಯಾಳ, ಮುದುಕಿಯಾಗೂತನ ಅಕಿಗೆ ಸೆರಗು ಕೂಡಬಾರದು!"

ಹಸೀನಾ ಎಂದಳು. ನನ್ನ ಹೆಸರು ಅಷ್ಟು ಚಂದ ಇದೆ ಎಂದು ನನಗೆ ಗೊತ್ತಿರಲಿಲ್ಲ. ನಾನು ಅಳುತ್ತಾ ನಗುತ್ತಾ ನಿಂತೆ. ಬೈಗುಳದ ಸದ್ದಿಗೆ ನರ್ಸು ಓಡಿ ಬಂದಳು, ಅವಳ ಹಿಂದೆ ಡಾಕ್ಟರು. ಏನು ಹೇಳುತ್ತಿದ್ದಾರೆ ಎಂದ. ಪೂರ್ತಿ ಗುಣವಾಗಿದ್ದಾಳೆ ಎಂದು ತಿರುಗಿಸಿದೆ. ಇಡೀ ಪ್ರವಾಸದಲ್ಲಿ ನಾನು ಸರಿಯಾಗಿ ತಿರುಗಿಸಿದ ಮಾತು ಅದೊಂದೇ ಇರಬೇಕು.

ಫೋನು ಹಚ್ಚಿ ಅವಳ ಕೈಗೆ ಕೊಟ್ಟೆ. ಕಾಕಾ ಏನು ಕೇಳಿದನೋ ಕೇಳಿಸಲಿಲ್ಲ. ಶಾಂತಕ್ಕ, "ಗುರುತ ಹಿಡೀದೇನು, ನಿಮ್ಮ ಗೊರಕಿ ಕೇಳಿ ನಲವತ್ತ ವರ್ಸ ಆತು. ಉಂಡ್ರಿಲ್ಲೋ?" ಎಂದಳು.

ಆ ಮೂದೇವಿ ಯಾರೆಂದು ಮೂರು ಊಟದ ನಂತರ ಹೇಳಿದೆ. ಅವಳು ನಂಬಲಿಲ್ಲ. ಡಾಕ್ಟರು ಬರೆದ ನಕ್ಷತ್ರದ ಚೀಟಿ ತೋರಿಸಿ ಸೊಸೆಯಂದಿರ ಕತೆಯನ್ನೆಲ್ಲ ಹೇಳಿದೆ. ಬಹಳ ಲಕ್ಷ್ಯ ಕೊಟ್ಟು ಕೇಳಿದಳು.

"ಅಂದ್ರ ತಲಿಯಾಗ ಜಾಗ ಇರಂಗಿಲ್ಲ?"

"ಇರಂಗಿಲ್ಲಂತ."

"ಅದಕ್ಕ ತಮ್ಮ ಸಾಮಾನ ಹೊರಗ ಒಗದು ಯಜಮಾನನ್ನ ಉಳಸ್ತಾವ? ಭಾಳ ಚಲೋ ಸೊಸ್ತ್ಯಾರು. ನನ್ನ ಪುಣ್ಯಾ."

ಮತ್ತೆ ಮಗ್ಗದ ಮುಂದೆ

ಬಿಟ್ಟು ಕಳಿಸಿದ ದಿನ ಡಾಕ್ಟರು ಹೊಸ ಗುಳಿಗೆ ಬರೆದು, ನೀರು ದಾಹಕ್ಕೆ ತಕ್ಕಷ್ಟೇ ಎಂದು ಎಚ್ಚರಿಸಿದ. ಮ್ಯೂಸಿಯಂನಲ್ಲಿ ಆ ಸೀರೆಯನ್ನು ಹಾಗೇ ಇಟ್ಟುಕೊಳ್ಳುವ ಆಸೆ ಮಾರಿಕೆಗಿತ್ತು. ಎಲ್ಲಿ ಮಿದುಳು ಉಬ್ಬಿತು ಎಂದು ಕೊಂಡಿಯಲ್ಲಿ ಕಾಣುವ ಸೀರೆ ಬೇರೆ ಯಾರ ಹತ್ತಿರವೂ ಇಲ್ಲ ಎಂದಳು. ಶಾಂತಕ್ಕ ಆ ಮಾತಿಗೆ ಬೆಲೆ ಕೊಡಲಿಲ್ಲ. ಕುಳಿತು ತಪ್ಪಿದ ಕೊಂಡಿಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು. ಲಗೂ ಮಾಡಕ್ಕ, ವಿಮಾನ ಹೊಕ್ಕೈತಿ ಎಂದೆ. "ಲಗೂ ಎಳದ್ರ ಹರೀತೈತಿ. ನಿನಗ ಡಾಕ್ಟರ ಹೇಳಿಲ್ಲೇನ?" ಎಂದಳು. ಅವಳು ಸೆರಗು ಕೂಡಿಸಿ ಎದ್ದಾಗ ಒಂದೇ ಒಂದು ಎಳೆಯೂ ಹೆಚ್ಚುಕಡಿಮೆ ಇರಲಿಲ್ಲ.

ಹೊರಡುವ ಮುಂಚೆ ಮಾರಿಕೆ ಪಾಯಖಾನೆಯ ಕ್ಯಾಲೆಂಡರು ಹಿಡಿದು ಬಂದು, ನಿಮ್ಮ ಹುಟ್ಟಿದ ದಿನ ಯಾವುದು ಎಂದಳು. ಶಾಂತಕ್ಕನಿಗೆ ಗೊತ್ತಿಲ್ಲ, ಮುಂಗಾರಿ ಬಿತ್ತುವಾಗ ಎಂದಳು. ಮಾರಿಕೆ ಯೋಚಿಸಿ, ಶಾಂತಕ್ಕ ಫೋಟೋ ನೋಡಿ ಬೈದ ದಿನದ ಮುಂದೆ ಅವಳ ಹೆಸರು ಬರೆದಳು. ಆಮೇಲೆ ಮೂರೂ ಮುತ್ತು ಕೊಟ್ಟಳು. ಈ ಸಲ ಶಾಂತಕ್ಕ ಹಿಂದೆ ಸರಿಯಲಿಲ್ಲ.

ವಿಮಾನ ನಿಲ್ದಾಣ

ತಪಾಸಣೆಯ ಸಾಲಿನಲ್ಲಿ ನಿಂತೆವು. ನಾನೇ ಚೀಲ ಜೋಡಿಸಿದ್ದೆ, ಬಾಟಲಿ ಖಾಲಿ ಇತ್ತು. ಆದರೆ ದಾರಿಯಲ್ಲಿ ಎಲ್ಲೋ ಒಂದು ನಳ ಸಿಕ್ಕಿರಬೇಕು. ಸಿಪಾಯಿ ಬಾಟಲಿ ಎತ್ತಿ ಹಿಡಿದ. ಬಾಯಿಯವರೆಗೆ ತುಂಬಿತ್ತು. ಅವನು ಡಬ್ಬಿ ತೋರಿಸಿದ.

ಶಾಂತಕ್ಕ ಬಾಟಲಿ ತೆಗೆದುಕೊಂಡಳು. ನನ್ನ ಮುಖ ನೋಡಿದಳು. ಡಬ್ಬಿ ನೋಡಿದಳು. ಮುಚ್ಚಳ ತೆಗೆದಳು.

"ಅಕ್ಕ, ಬ್ಯಾಡ! ನಿನ್ನ ಕಾಲಿಗೆ ಬೀಳ್ತೀನಿ, ಚೆಲ್ಲು!"

"ಚೆಲ್ಲೂದಾ?" ಎಂದು ಬಾಟಲಿಯನ್ನು ನನ್ನ ಕೈಗೆ ತುರುಕಿದಳು. "ನೀ ಕುಡಿ. ನಿನ್ನ ತಲಿಯಾಗ ಜಾಗ ಭಾಳ ಐತಿ."

ನಾನು ಡಬ್ಬಿಯ ಕಡೆಗೆ ಎರಡು ಹೆಜ್ಜೆ ಹೋದೆ. ಬಾಟಲಿ ಬಗ್ಗಿಸಿದೆ. ನಾನೂ ಅದೇ ಓಣಿಯವಳು, ಕೈ ಬರಲಿಲ್ಲ. ಸಾಲಿನವರೆಲ್ಲ ನೋಡುತ್ತಿರುವಂತೆ ಪಕ್ಕಕ್ಕೆ ಸರಿದು, ಸೆರಗು ತಲೆಯ ಮೇಲೆ ಎಳೆದುಕೊಂಡು, ಗಟಗಟನೆ ಕುಡಿದೆ. ಶಾಂತಕ್ಕ ನನ್ನ ಮೊಬೈಲು ಕಸಿದುಕೊಂಡು ಫೋಟೋ ತೆಗೆದಳು.